ಗುಂಡಿ ಒತ್ತುವ ಕೈ ಯಾರದು

ಒಬ್ಬರು: ಶಿವಮೊಗ್ಗ, ಭದ್ರಾವತಿಯ ಶಾಲೆಗಳಲ್ಲಿ ಆಟಿಸಂ ಇರುವ ಮಕ್ಕಳ ಮಾತು ಬಂತೆಂದರೆ ಈಗ ಸಾಧನಗಳ ಪಟ್ಟಿಯೇ ಮುಂದೆ ಬರುತ್ತದೆ. ಟ್ಯಾಬ್ಲೆಟ್, ಮಾತಾಡುವ ಗುಂಡಿ, ಜೋಡಿಸುವ ಇಟ್ಟಿಗೆ, ಪುಟ್ಟ ರೋಬೋಟ್. ಪಾಠ ಹೇಳುವ ಮನುಷ್ಯರೇ ಸಾಲದ ಕಡೆ ಯಂತ್ರ ತಂದಿಟ್ಟು ಸಾಧಿಸುವುದೇನು? ಪೆಟ್ಟಿಗೆ ಬೀರುವಿನಲ್ಲಿ ಉಳಿಯುತ್ತದೆ, ಮಗು ಹಿಂದಿನ ಬೆಂಚಿನಲ್ಲಿ ಉಳಿಯುತ್ತದೆ. ನನ್ನ ಅನುಮಾನ ಸಾಧನದ ಮೇಲಲ್ಲ, ಸಾಧನ ಕೊಟ್ಟರೆ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳುವ ನಮ್ಮ ಅಭ್ಯಾಸದ ಮೇಲೆ.

ಮತ್ತೊಬ್ಬರು: ಆ ಅನುಮಾನ ನನಗೂ ಇದೆ. ಅದಕ್ಕೇ ಸಾಧನ ಬೇಕೋ ಬೇಡವೋ ಎಂಬಲ್ಲಿಂದ ಚರ್ಚೆ ಶುರು ಮಾಡಬಾರದು. ಸಾಧನ ಬಂದ ಮೇಲೆ ತರಗತಿಯಲ್ಲಿ ಕೆಲಸವನ್ನು ಮೊದಲು ಶುರು ಮಾಡುವವರು ಯಾರು ಎಂದು ಕೇಳಬೇಕು. ಶಿಕ್ಷಕಿ ತೋರಿಸಿ, ಮಗು ನೋಡಿ, ಸಹಾಯಕಿ ಮಗುವಿನ ಬೆರಳು ಹಿಡಿದು ಒತ್ತಿಸಿದರೆ ಅಲ್ಲಿ ಬದಲಾದದ್ದು ಸಾಮಗ್ರಿ ಮಾತ್ರ. ಮಗು ತಾನಾಗಿ ಕೈ ಚಾಚಿ ಏನನ್ನೋ ಮಾಡಿ, ಅದಕ್ಕೆ ಸ್ಪಷ್ಟ ಉತ್ತರ ಪಡೆದು, ಮತ್ತೆ ಮಾಡಲು ಮುಂದಾದರೆ ಅಲ್ಲಿ ಕಲಿಕೆ ಶುರುವಾಗಿದೆ. ಆಟಿಸಂ ಇರುವ ಮಗುವಿನ ಮಟ್ಟಿಗೆ ಒಂದು ಸಾಧನದ ಬೆಲೆಯನ್ನು ಈ ಒಂದೇ ಅಳತೆಯಿಂದ ಕಟ್ಟಬೇಕು ಎನ್ನುವುದು ನನ್ನ ವಾದ. ಇದು ಬೆರಳೆಣಿಕೆಯ ಮಕ್ಕಳ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳುತ್ತ ಬಂದ ಅಂದಾಜು, ಸುಮಾರು ನೂರು ಮಕ್ಕಳಿಗೆ ಒಬ್ಬರು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ, ಭದ್ರಾವತಿಯದು ಸುಮಾರು ಒಂದೂವರೆ ಲಕ್ಷ. ಆ ಅಂದಾಜನ್ನು ಇಲ್ಲಿಗೆ ಹಚ್ಚಿದರೆ ಎರಡೂ ಊರುಗಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ನೂರಾರು ಮಕ್ಕಳಾಗುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳು ‘ಹಟಮಾರಿ’, ‘ಮಂಕು’, ‘ಮಾತು ತಡ’ ಎಂಬ ಹೆಸರಿನಡಿ ಯಾರ ಲೆಕ್ಕಕ್ಕೂ ಸಿಗದೆ ಕೂತಿರುತ್ತಾರೆ.

ಒಬ್ಬರು: ತಾನಾಗಿ ಶುರು ಮಾಡುವುದು ಎಲ್ಲ ಮಕ್ಕಳಿಗೂ ಬೇಕಾದದ್ದೇ. ಈ ಮಕ್ಕಳಿಗೆ ಅದು ವಿಶೇಷವಾಗಿ ಏಕೆ ಮುಖ್ಯ? ಅದಕ್ಕೆ ಕೈಯಲ್ಲಿ ಹಿಡಿಯುವ ವಸ್ತುವೇ ಏಕೆ ಬೇಕು?

ಮತ್ತೊಬ್ಬರು: ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ವಿವರಿಸಿ ಬರೆದ ಪ್ರಬಂಧದಿಂದಲೇ ಎರಡು ಸಂಗತಿ ಸ್ಪಷ್ಟವಾಗಿದ್ದವು. ಸುತ್ತಲಿನ ಕ್ರಮ ಹಾಗೆಯೇ ಇರಬೇಕೆಂಬ ಬಲವಾದ ಬಯಕೆ ಒಂದು. ವಸ್ತುಗಳೊಡನೆ ಸಲೀಸು, ಮನುಷ್ಯರೊಡನೆ ಕಷ್ಟ ಎಂಬುದು ಇನ್ನೊಂದು. ಅಂದಿನಿಂದ ಇಂದಿಗೆ ಆಟಿಸಂನ ತಿಳಿವಳಿಕೆ ಬಹಳ ಬದಲಾಗಿದೆ. ತಾಯಿಯ ಪ್ರೀತಿ ಸಾಲದೆ ಹೀಗಾಯಿತೆಂಬ ಕ್ರೂರ ಕಲ್ಪನೆ ಬಿದ್ದುಹೋಗಿದೆ. ಆದರೆ ಆ ಎರಡು ಗಮನಿಕೆಗಳು ತರಗತಿಯ ಮಟ್ಟಿಗೆ ಇನ್ನೂ ಉಪಯುಕ್ತ. ಮನುಷ್ಯರ ಉತ್ತರ ಪ್ರತಿಸಲ ಒಂದೇ ಥರ ಇರುವುದಿಲ್ಲ. ಅದೇ ಪ್ರಶ್ನೆಗೆ ಶಿಕ್ಷಕಿ ಇವತ್ತು ನಗುತ್ತಾರೆ, ನಾಳೆ ಗದರುತ್ತಾರೆ. ಮುಖ, ದನಿ, ಮಾತು, ಪಕ್ಕದವರ ಗದ್ದಲ ಎಲ್ಲವನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಬೇಕಾದ ಮಗುವಿಗೆ ಅದು ವಿಪರೀತ ಹೊರೆ. ಗುಂಡಿಯಾದರೋ ಒತ್ತಿದಾಗಲೆಲ್ಲ ಒಂದೇ ದನಿ ಕೊಡುತ್ತದೆ. ಗಾಲಿಯ ಆಟಿಕೆಗೆ ‘ಮುಂದೆ’ ಎಂದು ಸೂಚಿಸಿದರೆ ಮುಂದೆಯೇ ಹೋಗುತ್ತದೆ. ತನ್ನ ಕೆಲಸಕ್ಕೂ ಅದರ ಫಲಕ್ಕೂ ಇರುವ ಸಂಬಂಧ ಕೈಗೆ, ಕಣ್ಣಿಗೆ, ಕಿವಿಗೆ ಒಟ್ಟಿಗೆ ತಿಳಿದಾಗ ಮಗುವಿಗೆ ಮತ್ತೊಮ್ಮೆ ಮಾಡುವ ಧೈರ್ಯ ಬರುತ್ತದೆ. ಆ ಧೈರ್ಯವನ್ನು ಮೆಲ್ಲಮೆಲ್ಲನೆ ಮನುಷ್ಯರ ಕಡೆ ತಿರುಗಿಸುವುದು ಶಿಕ್ಷಕರ ಕೆಲಸ.

ಒಬ್ಬರು: ಕೇಳಲು ಹಿತವಾಗಿದೆ. ಇದಕ್ಕೆ ಆಧಾರವೇನಾದರೂ ಇದೆಯೆ, ಅಥವಾ ಸಾಧನ ಮಾರುವವರ ಮಾತೆ?

ಮತ್ತೊಬ್ಬರು: ಮಾರಾಟದ ಗದ್ದಲ ಶುರುವಾಗುವುದಕ್ಕೆ ಬಹಳ ಮೊದಲಿನದೊಂದು ಉದಾಹರಣೆಯಿದೆ. ಮಕ್ಕಳು ಕಂಪ್ಯೂಟರಿಗೆ ತಾವೇ ಆಜ್ಞೆ ಕೊಟ್ಟು ಕಲಿಯಬೇಕೆಂದು ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ‘ಲೋಗೋ’ ಎಂಬ ಭಾಷೆ ರೂಪಿಸಿದ್ದರು. ನೆಲದ ಮೇಲೆ ಚಲಿಸುವ ಒಂದು ಯಂತ್ರ ಆ ಆಜ್ಞೆಗಳಂತೆ ನಡೆಯುತ್ತಿತ್ತು. ಅದಕ್ಕೆ ಆಮೆ ಎಂದೇ ಹೆಸರು. 1976ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಸಿಲ್ವಿಯಾ ವೇಯರ್ ಮತ್ತು ರಿಕಿ ಇಮ್ಯಾನುಯೆಲ್ ಆಟಿಸಂ ಇದ್ದ ಏಳು ವರ್ಷದ ಬಾಲಕನ ಕೈಗೆ ಆ ಆಮೆಯ ಗುಂಡಿಗಳನ್ನು ಕೊಟ್ಟು ಆದದ್ದನ್ನು ದಾಖಲಿಸಿದರು. ಆಮೆ ಎತ್ತ ಹೋಗಬೇಕೆಂದು ನಿರ್ಧರಿಸುತ್ತಿದ್ದವನು ಬಾಲಕ. ಆ ಆಟದ ನಡುವೆ ಅವನು ಪಕ್ಕದಲ್ಲಿದ್ದವರೊಡನೆ ತಾನಾಗಿ ಮಾತಾಡುವುದು ಹೆಚ್ಚಿತೆಂದು ಅವರು ಬರೆದರು. ಇಲ್ಲಿ ಯಂತ್ರ ಅವನಿಗೆ ಮಾತು ಕಲಿಸಲಿಲ್ಲ. ಮಾತಾಡಲು ಅವನಿಗೊಂದು ವಿಷಯ ಕೊಟ್ಟಿತು.

ಒಬ್ಬರು: ಒಬ್ಬ ಬಾಲಕನ ಕಥೆಯಿಂದ ಜಿಲ್ಲೆಯ ಶಿಕ್ಷಣ ಕ್ರಮವನ್ನು ಬದಲಿಸಲಾದೀತೆ? ನಮ್ಮ ತಂದೆತಾಯಿಗಳಿಗೆ ಇನ್ನೊಂದು ಭಯವಿದೆ. ಗುಂಡಿ ಒತ್ತಿದರೆ ಸಾಧನವೇ ‘ನೀರು ಬೇಕು’ ಎನ್ನುವುದಾದರೆ ಮಗು ಬಾಯಿ ಬಿಡುವ ಗೋಜಿಗೇ ಹೋಗುವುದಿಲ್ಲ ಎನ್ನುತ್ತಾರೆ.

ಮತ್ತೊಬ್ಬರು: ಒಬ್ಬನ ಕಥೆ ದಾರಿ ತೋರಿಸುತ್ತದೆ, ಸಾಬೀತು ಮಾಡುವುದಿಲ್ಲ. ಒಪ್ಪುತ್ತೇನೆ. ಸಾಬೀತಿಗೆ ಹತ್ತಿರದ್ದನ್ನು 2014ರಲ್ಲಿ ಅಮೆರಿಕದ ಕೋನಿ ಕಸಾರಿ ಮತ್ತು ಸಂಗಡಿಗರು ಪ್ರಕಟಿಸಿದರು. ಐದರಿಂದ ಎಂಟು ವರ್ಷದ, ಮಾತು ತೀರಾ ಕಡಿಮೆಯಿದ್ದ 61 ಮಕ್ಕಳು. ಎಲ್ಲರಿಗೂ ಆಟದ ಮೂಲಕ ಸಂವಹನ ಕಲಿಸುವ ಒಂದೇ ಚಿಕಿತ್ಸೆ. ಅರ್ಧ ಮಕ್ಕಳಿಗೆ ಮಾತ್ರ ಮೊದಲಿನಿಂದಲೇ ದನಿ ಹೊರಡಿಸುವ ಸಾಧನವನ್ನೂ ಸೇರಿಸಿದರು. ಯಾರೂ ಕೇಳದೆ ಮಗು ತಾನಾಗಿ ಎಷ್ಟು ಸಲ ಏನನ್ನಾದರೂ ಹೇಳಿತು ಎಂಬುದು ಅಳತೆಗೋಲು. ಸಾಧನವಿದ್ದ ಗುಂಪು ಮುಂದೆ ಹೋಯಿತು. ಗಮನಿಸಿ, ಸಾಧನವೊಂದೇ ಇರಲಿಲ್ಲ, ಜೊತೆಗೆ ಆಡುವ ಮನುಷ್ಯರೂ ಇದ್ದರು. ಮಾತು ನಿಂತುಹೋಗುವ ಭಯಕ್ಕೂ ಉತ್ತರವಿದೆ. ಇಂಥ ನೆರವು ಪಡೆದವರ ಅಧ್ಯಯನಗಳನ್ನೆಲ್ಲ ಸೋಸಿ 2006ರಲ್ಲಿ ಮಿಲರ್, ಲೈಟ್ ಮತ್ತು ಶ್ಲಾಸರ್ ಒಂದು ವಿಮರ್ಶೆ ಮಾಡಿದರು. ಪುರಾವೆ ಗಟ್ಟಿಯಿದ್ದ 27 ಪ್ರಕರಣಗಳಲ್ಲಿ ಒಂದರಲ್ಲೂ ಬಾಯಿಮಾತು ಕುಗ್ಗಿರಲಿಲ್ಲ. ಹೆಚ್ಚಿನವರಲ್ಲಿ ಅದು ಬೆಳೆದಿತ್ತು, ಕೆಲವರಲ್ಲಿ ಇದ್ದಷ್ಟೇ ಉಳಿದಿತ್ತು. ಬೆಳೆದದ್ದು ಬಹುಮಟ್ಟಿಗೆ ಸ್ವಲ್ಪವೇ ಎಂಬುದನ್ನೂ ಹೇಳಬೇಕು. ಆದರೆ ಕಳೆದುಕೊಳ್ಳುವ ಭಯಕ್ಕೆ ಆಧಾರವಿಲ್ಲ. ಮಾತು ಬರಲೆಂದು ಕಾಯುತ್ತ ಕೂತ ವರ್ಷಗಳಲ್ಲಿ ಹಸಿವು, ನೋವು, ಇಷ್ಟ ಯಾವುದನ್ನೂ ಹೇಳಲಾಗದ ಮಗು ಅನುಭವಿಸುವ ಸಂಕಟವಂತೂ ನಿಜ.

ಒಬ್ಬರು: ಮೊಬೈಲು ಈಗಾಗಲೇ ಎಲ್ಲ ಮನೆಯಲ್ಲೂ ಇದೆ. ಊಟ ಮಾಡಿಸಲು, ಸುಮ್ಮನಿರಿಸಲು ಅದನ್ನೇ ಕೊಡುತ್ತಾರೆ. ಗಂಟೆಗಟ್ಟಲೆ ಅದೇ ಹಾಡು, ಅದೇ ವಿಡಿಯೋ. ಶಾಲೆಯೂ ಪರದೆ ಕೊಟ್ಟರೆ ಆ ಚಟಕ್ಕೆ ಮುದ್ರೆ ಒತ್ತಿದಂತಾಗದೆ?

ಮತ್ತೊಬ್ಬರು: ನಾನು ಹೇಳುವ ಅಳತೆಗೋಲು ಹೆಚ್ಚು ಉಪಯೋಗಕ್ಕೆ ಬರುವುದೇ ಇಲ್ಲಿ. ತಾನೇ ಓಡುತ್ತಿರುವ ವಿಡಿಯೋದ ಮುಂದೆ ಮಗು ಏನನ್ನೂ ಶುರು ಮಾಡಬೇಕಾಗಿಲ್ಲ, ಯಾರ ಉತ್ತರಕ್ಕೂ ಕಾಯಬೇಕಾಗಿಲ್ಲ. ಅದೇ ಪರದೆಯಲ್ಲಿ ಮಗು ಒಂದು ಚಿತ್ರ ಮುಟ್ಟಿ ‘ಜೋಕಾಲಿ’ ಎಂದು ಹೇಳಿ, ಶಿಕ್ಷಕಿ ಎದ್ದು ಬಂದು ಜೋಕಾಲಿ ತೂಗಿದರೆ, ಆ ಮುಟ್ಟುವಿಕೆ ಇನ್ನೊಬ್ಬ ಮನುಷ್ಯನನ್ನು ತಲುಪಿತು. ಪರದೆಯಿಂದಲೇ ಆಟಿಸಂ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಹುಟ್ಟಿನೊಂದಿಗೇ ಬರುವ ಮಿದುಳಿನ ಬೆಳವಣಿಗೆಯ ಭಿನ್ನತೆ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಕೊಟ್ಟಿರುವ ಸಲಹೆ ಈ ಮಕ್ಕಳಿಗೂ ಅನ್ವಯಿಸುತ್ತದೆ. ಶಾಲೆ ಮಾಡಬಹುದಾದ ಸರಳ ನಿಯಮ ಒಂದಿದೆ. ಸಂವಹನದ ಸಾಧನದಲ್ಲಿ ಮನರಂಜನೆ ಇರಕೂಡದು, ಮತ್ತು ಅದನ್ನು ಶಿಕ್ಷೆಯೆಂದು ಎಂದೂ ಕಿತ್ತುಕೊಳ್ಳಕೂಡದು. ಕಿತ್ತುಕೊಂಡರೆ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಒಬ್ಬರು: ಯಾವ ಸಾಧನವನ್ನಾದರೂ ಮಗುವಿನ ಹೆಸರಿನಲ್ಲಿ ದೊಡ್ಡವರೇ ಬಳಸಬಹುದಲ್ಲ? ಶಾಲಾ ವಾರ್ಷಿಕೋತ್ಸವದಲ್ಲಿ ಮಗು ಟ್ಯಾಬ್ಲೆಟ್ಟಿನಿಂದ ಭಾಷಣ ಮಾಡಿದರೆ ಅದು ಯಾರ ಮಾತು ಎಂದು ತಿಳಿಯುವುದು ಹೇಗೆ?

ಮತ್ತೊಬ್ಬರು: ಈ ಪ್ರಶ್ನೆಯ ಮಹತ್ವವನ್ನು ಜಗತ್ತು ಕಷ್ಟಪಟ್ಟೇ ಕಲಿತಿದೆ. ಸಹಾಯಕರು ಮಗುವಿನ ಕೈ ಹಿಡಿದು ಟೈಪ್ ಮಾಡಿಸುವ ಪದ್ಧತಿ 1990ರ ದಶಕದಲ್ಲಿ ಬಹಳ ಪ್ರಸಿದ್ಧವಾಯಿತು. ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಬೇರೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ ಮೂಡಿ ಬಂದದ್ದು ಸಹಾಯಕರು ಕಂಡ ಚಿತ್ರದ ಹೆಸರು. ಸಹಾಯಕರು ಮೋಸ ಮಾಡುತ್ತಿರಲಿಲ್ಲ. ತಮ್ಮ ಕೈ ನಡೆಸುತ್ತಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಈ ಚರ್ಚೆಗೆ ಕರ್ನಾಟಕದ ನಂಟೂ ಇದೆ. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ, ಆಟಿಸಂ ಇರುವ ತಿತೋ ಮುಖೋಪಾಧ್ಯಾಯರ ಬರಹಗಳನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪುಸ್ತಕವಾಗಿ ತಂದಿತು. ಅವರು ತಮ್ಮ ಕೈಯಿಂದಲೇ ಬರೆಯಬಲ್ಲವರು. ಅವರ ತಾಯಿ ಸೋಮಾ ರೂಪಿಸಿದ, ಅಕ್ಷರದ ಹಲಗೆಯನ್ನು ಮುಂದೆ ಹಿಡಿದು ಬೆರಳಿನಿಂದ ತೋರಿಸುವಂತೆ ಮಾಡುವ ವಿಧಾನ ಆಮೇಲೆ ಹಲವು ದೇಶಗಳಿಗೆ ಹರಡಿತು. ಹಲಗೆ ಹಿಡಿದವರ ಕೈಯೇ ಉತ್ತರವನ್ನು ತಿರುಗಿಸಬಹುದು ಎಂಬ ಕಾರಣಕ್ಕೆ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಈ ಎರಡೂ ವಿಧಾನಗಳನ್ನು ಬಳಸಬಾರದೆಂದು ಹೇಳಿತು. ಒಬ್ಬ ಲೇಖಕನ ಪ್ರತಿಭೆಯನ್ನು ಗೌರವಿಸುತ್ತಲೇ ಆ ವಿಧಾನವನ್ನು ಎಲ್ಲ ಮಕ್ಕಳ ಮೇಲೆ ಹೇರದಿರಲು ನಮಗೆ ಸಾಧ್ಯವಾಗಬೇಕು. ಶಾಲೆಗಳಿಗೆ ಇದರಿಂದ ಸಿಗುವ ನಿಯಮ ಇಷ್ಟು: ಸಾಧನ ಮೇಜಿನ ಮೇಲಿರಲಿ, ಮಗುವಿನ ಕೈ ಮಗುವಿನದಾಗಿರಲಿ, ಕೊಟ್ಟ ನೆರವು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆಯೇ ಎಂದು ಬರೆದಿಡಲಿ.

ಒಬ್ಬರು: ಹಾಗಾದರೆ ಮಗು ಮತ್ತು ಸಾಧನ ಇಬ್ಬರೇ ಉಳಿಯುತ್ತಾರೆ. ಮೊದಲೇ ಒಂಟಿಯಾಗಿರುವ ಮಗು ಯಂತ್ರದ ಜೊತೆ ಇನ್ನೂ ಒಂಟಿಯಾಗುತ್ತದೆ. ಶಾಲೆಗೆ ಕಳಿಸುವುದೇ ನಾಲ್ಕು ಮಕ್ಕಳೊಡನೆ ಬೆರೆಯಲಿ ಎಂದು.

ಮತ್ತೊಬ್ಬರು: ಬೆರೆಯಲು ಒಂದು ಕೆಲಸ ಬೇಕು. ‘ಹೋಗಿ ಎಲ್ಲರ ಜೊತೆ ಆಡು’ ಎನ್ನುವುದು ಆಟಿಸಂ ಇರುವ ಮಗುವಿಗೆ ಕೊಡಬಹುದಾದ ಆಜ್ಞೆಗಳಲ್ಲೇ ಅತ್ಯಂತ ಅಸ್ಪಷ್ಟವಾದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಲೆಗಾಫ್ 2004ರಲ್ಲಿ ವಿವರಿಸಿದ ಲೆಗೋ ಎಂಬ ಜೋಡಿಸುವ ಇಟ್ಟಿಗೆಗಳ ಆಟದ ಗುಂಪುಗಳಲ್ಲಿ ಒಬ್ಬನ ಕೈಯಲ್ಲಿ ನಕ್ಷೆ, ಇನ್ನೊಬ್ಬನ ಬಳಿ ಬಿಲ್ಲೆಗಳ ರಾಶಿ, ಮೂರನೆಯವನು ಕಟ್ಟುವವನು. ನಕ್ಷೆಯವನು ಹೇಳದೆ, ಬಿಲ್ಲೆಯವನು ಕೊಡದೆ ಮನೆ ಏಳುವುದಿಲ್ಲ. ಪಾತ್ರಗಳು ಸರದಿಯಂತೆ ಬದಲಾಗುತ್ತವೆ, ಆದ್ದರಿಂದ ಪ್ರತಿ ಮಗುವಿಗೂ ಕೇಳುವ, ಹೇಳುವ, ಕೊಡುವ ಸರದಿ ಖಂಡಿತ ಬರುತ್ತದೆ. ಫಲವನ್ನು ಉತ್ಪ್ರೇಕ್ಷಿಸಬಾರದು. ಬ್ರಿಟನ್ನಿನ ಸಾಮಾನ್ಯ ಶಾಲೆಗಳಲ್ಲಿ ಮುಂದೆ ನಡೆದ ದೊಡ್ಡ ಪ್ರಯೋಗದಲ್ಲಿ ಕಂಡದ್ದು ಸಣ್ಣ ಸುಧಾರಣೆ. ಆದರೂ ಅದು ಸಾಮಾನ್ಯ ಶಾಲೆಯೊಳಗೆ, ಶಾಲೆಯವರ ಕೈಯಲ್ಲೇ ಸಾಧ್ಯವಾದ ಸುಧಾರಣೆ. ಬೆರೆಯುವ ಜವಾಬ್ದಾರಿಯೂ ಒಂದೇ ಕಡೆಯದಲ್ಲ. ಆಟಿಸಂ ಇಲ್ಲದವರಿಗೆ ಆಟಿಸಂ ಇರುವವರನ್ನು ಅರ್ಥ ಮಾಡಿಕೊಳ್ಳುವುದೂ ಅಷ್ಟೇ ಕಷ್ಟ ಎಂದು ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಮೂವರು ಸೇರಿ ಕಟ್ಟುವಾಗ ಉಳಿದ ಇಬ್ಬರೂ ಕಲಿಯುತ್ತಾರೆ: ಸ್ಪಷ್ಟವಾಗಿ ಹೇಳುವುದನ್ನು, ಉತ್ತರಕ್ಕೆ ಕಾಯುವುದನ್ನು.

ಒಬ್ಬರು: ಎಲ್ಲ ಮಕ್ಕಳ ಕೈಯೂ ಹೇಳಿದಂತೆ ಕೇಳುವುದಿಲ್ಲವಲ್ಲ. ಬೆರಳಿನ ಸೂಕ್ಷ್ಮ ಕೆಲಸ ಇವರಲ್ಲಿ ಅನೇಕರಿಗೆ ಕಷ್ಟ. ಕೆಲವರಿಗೆ ಜೇಡಿಮಣ್ಣು ಮುಟ್ಟಿದರೆ ಆಗದು, ಕೆಲವರಿಗೆ ಮೋಟಾರಿನ ಸದ್ದಾಗದು. ‘ಕೈಯಿಂದ ಕಲಿ’ ಎನ್ನುವುದೇ ಅವರಿಗೆ ಹಿಂಸೆಯಾಗಬಹುದು.

ಮತ್ತೊಬ್ಬರು: ಆಗಬಹುದು. ಅದಕ್ಕೇ ಒಂದೇ ಕಿಟ್ ಖರೀದಿಸಿ ಎಲ್ಲ ಶಾಲೆಗೂ ಹಂಚುವ ಯೋಜನೆಗಳನ್ನು ನಾನು ನಂಬುವುದಿಲ್ಲ. ಪೆನ್ಸಿಲ್ ಹಿಡಿಯಲಾಗದ ಮಗು ಅಂಗೈಯಗಲದ ಗುಂಡಿ ಒತ್ತಬಲ್ಲದು. ಬಿಡಿ ಅಕ್ಷರ ಬರೆಯಲಾಗದ ಮಗು ಮರದ ಅಕ್ಷರಗಳನ್ನು ಸಾಲಾಗಿ ಇಡಬಲ್ಲದು. ‘ಕ’ಗೆ ಇಳಿ, ಗುಡಿಸು, ಕೊಂಬು ಹಚ್ಚುವ ಕಾಗುಣಿತವನ್ನು ಬಿಡಿ ತುಂಡುಗಳಾಗಿ ಕೊಟ್ಟರೆ ಯಾವ ಭಾಗ ಸೇರಿದಾಗ ಯಾವ ದನಿಯೆಂಬ ನಿಯಮ ಕೈಗೇ ಸಿಗುತ್ತದೆ. ಕ್ರಮವನ್ನು ಇಷ್ಟಪಡುವ ಮಗುವಿಗೆ ನಮ್ಮ ಲಿಪಿ ಒಳ್ಳೆಯ ಆಟದ ಸಾಮಗ್ರಿ. ಸದ್ದು ಆಗದ ಮಗುವಿಗೆ ಕಿವಿ ಮುಚ್ಚುವ ಸಾಧನ ಮತ್ತು ಒಂದು ಶಾಂತ ಮೂಲೆ, ಮಿಕ್ಕ ಸಾಧನಗಳಿಗಿಂತ ಮೊದಲು ಬರಬೇಕು. ಯಾವ ಮಗುವಿಗೆ ಯಾವುದು ಎಂಬುದನ್ನು ಔದ್ಯೋಗಿಕ ಚಿಕಿತ್ಸಕರು, ವಾಕ್ ತಜ್ಞರು ನೋಡಿ ಹೇಳಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸೆಯ ಕೇಂದ್ರಗಳಿರಬೇಕೆಂದು ಹೇಳುವುದು ಇದಕ್ಕಾಗಿಯೇ. ಆ ಕೇಂದ್ರದ ಚೀಟಿ ಶಾಲೆಯ ಶಿಕ್ಷಕಿಯ ಕೈ ಸೇರದಿದ್ದರೆ ಅದು ಆಸ್ಪತ್ರೆಯ ಕಡತದಲ್ಲೇ ಕೊಳೆಯುತ್ತದೆ.

ಒಬ್ಬರು: ನೀವು ಎಡಿನ್‌ಬರೊ, ಅಮೆರಿಕ ಎನ್ನುತ್ತೀರಿ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಇದಕ್ಕೆ ನೆಲೆ ಎಲ್ಲಿದೆ?

ಮತ್ತೊಬ್ಬರು: ನೆಲೆ ಇದೆ, ಅದರ ಹೆಸರು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯೂನಿಸೆಫ್ ನೆರವಿನಿಂದ, ಋಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರಿಂದ ಮೊದಲಾದದ್ದು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ಹರಡಿತು. ಅಲ್ಲಿ ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ನೋಡಿ, ಚಿಹ್ನೆ ಗುರುತಿಸಿ, ಕಾರ್ಡನ್ನು ತಾನೇ ತೆಗೆದುಕೊಂಡು, ಆ ಚಿಹ್ನೆ ಹೇಳುವ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂರುತ್ತದೆ. ಐದು ತಟ್ಟೆಗಳ ಕ್ರಮವೇ ನೆರವನ್ನು ಹಿಂದೆಗೆಯುವ ಕ್ರಮ: ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಗೆಳೆಯರ ನೆರವು, ಅದೂ ಭಾಗಶಃ, ಕೊನೆಗೆ ಸ್ವಕಲಿಕೆ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ 1972ರಲ್ಲಿ ಸ್ಥಾಪಿಸಿದ ಟೀಚ್ ಕಾರ್ಯಕ್ರಮ ಆಟಿಸಂ ಇರುವ ಮಕ್ಕಳಿಗೆಂದೇ ಕಟ್ಟಿದ ಪದ್ಧತಿಯಲ್ಲೂ ಇರುವುದು ಇವೇ: ಕಣ್ಣಿಗೆ ಕಾಣುವ ವೇಳಾಪಟ್ಟಿ, ಎಲ್ಲಿ ಏನು ಎಷ್ಟು ಎಂಬ ಸ್ಪಷ್ಟತೆ, ಮುಗಿದ ಮೇಲೆ ಮುಂದೇನು ಎಂಬ ಸೂಚನೆ. ಎರಡೂ ಬೇರೆ ಬೇರೆ ಕಡೆಯಿಂದ ಹೊರಟು ಹತ್ತಿರ ಬಂದಿವೆ. ನಲಿ-ಕಲಿ ಕೋಣೆಯ ಗದ್ದಲ, ಗುಂಪಿನಿಂದ ಗುಂಪಿಗೆ ಓಡಾಟ ಈ ಮಕ್ಕಳಿಗೆ ಕಷ್ಟವೇ. ಅದನ್ನು ಶಾಂತ ಮೂಲೆ ಮತ್ತು ಮಗುವಿನದೇ ಆದ ಚಿತ್ರಪಟ್ಟಿಯಿಂದ ಸರಿಪಡಿಸಬಹುದು. ಇಷ್ಟರಿಂದ ಸರಿಹೋಗದ ಸಮಸ್ಯೆ ಬೇರೆಯಿದೆ: ಮೂರನೇ ತರಗತಿ ಮುಗಿದೊಡನೆ ಏಣಿಯೂ ಕಾರ್ಡುಗಳೂ ಹೋಗಿ ಬೋರ್ಡು, ಪಠ್ಯಪುಸ್ತಕ, ಕಿವಿಯಿಂದ ಕೇಳುವ ಪಾಠ ಬರುತ್ತವೆ. ಕ್ರಮವನ್ನೇ ನಂಬಿ ಮೂರು ವರ್ಷ ನಡೆದ ಮಗುವಿನ ಕೈಯಿಂದ ಆ ಕ್ರಮವನ್ನೇ ಕಸಿದುಕೊಂಡು, ಅದು ಹಿಂದೆ ಬಿದ್ದಾಗ ‘ಇದಕ್ಕೆ ಕಲಿಯುವ ಶಕ್ತಿಯಿಲ್ಲ’ ಎನ್ನುತ್ತೇವೆ. ಸಾಧನದ ಅಗತ್ಯ ಅತಿ ಹೆಚ್ಚಿರುವುದು ನಾಲ್ಕನೇ ತರಗತಿಯ ಹೊಸ್ತಿಲಲ್ಲಿ.

ಒಬ್ಬರು: ಹಣದ ಮಾತಿಗೆ ಬನ್ನಿ. ಭದ್ರಾವತಿಯನ್ನೇ ನೋಡಿ. 1936ರ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. 1923ರಿಂದ ಕಬ್ಬಿಣ ಕೊಟ್ಟ ಕಾರ್ಖಾನೆಯ ಮೇಲೆ ಮುಚ್ಚುವ ಕತ್ತಿ ತೂಗಿದೆ. ಕಾರ್ಖಾನೆಯ ಸಂಬಳ ನಿಂತ ಮನೆಯಲ್ಲಿ ಸಾವಿರಾರು ರೂಪಾಯಿಯ ಆ್ಯಪ್ ಯಾರು ಕೊಳ್ಳುತ್ತಾರೆ?

ಮತ್ತೊಬ್ಬರು: ಕೊಳ್ಳಬೇಕಾದವರು ಮನೆಯವರಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 1995ರ ಹಳೆಯ ಕಾಯ್ದೆಯಲ್ಲಿ ಅದರ ಹೆಸರೇ ಇರಲಿಲ್ಲ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ, ಕಲಿಕಾ ಸಾಮಗ್ರಿ, ಸೂಕ್ತ ನೆರವು ಈಗ ಹಕ್ಕು. ಹಣವೂ ನಾವಂದುಕೊಂಡಷ್ಟು ಬೇಡ. ಚಿತ್ರದ ಕಾರ್ಡು, ಮರದ ಅಕ್ಷರ, ದನಿ ಮುದ್ರಿಸಿಕೊಂಡು ಒತ್ತಿದಾಗ ನುಡಿಯುವ ಗುಂಡಿ ಕೆಲವು ನೂರು ರೂಪಾಯಿಗಳಲ್ಲಿ ಆಗುವಂಥವು. ಐಐಟಿ ಬಾಂಬೆ ರೂಪಿಸಿದ ಜೆಲ್ಲೋ ಎಂಬ ಚಿತ್ರಸಂವಹನದ ಆ್ಯಪ್ ಉಚಿತವಾಗಿ ಸಿಗುತ್ತದೆ. 2016ರಿಂದ ದೇಶದ ಸಾವಿರಾರು ಶಾಲೆಗಳಿಗೆ ತಲಾ 20 ಲಕ್ಷದವರೆಗೆ ಅನುದಾನ ಕೊಟ್ಟು ಅಟಲ್ ಟಿಂಕರಿಂಗ್ ಲ್ಯಾಬ್ ಕಟ್ಟಿದ್ದಾರೆ. ಅವುಗಳಲ್ಲಿ ಆರ್ಡುಯಿನೋ, ಸಂವೇದಕ, ತ್ರಿಡಿ ಪ್ರಿಂಟರ್ ಇವೆ. ಅಲ್ಲಿನ ಆರನೇ ತರಗತಿ ಮೇಲ್ಪಟ್ಟ ಮಕ್ಕಳು ತಮ್ಮ ಊರಿನ ಪುಟ್ಟ ಮಗುವಿಗೆ ಬೇಕಾದ ಗುಂಡಿಪೆಟ್ಟಿಗೆ ಮಾಡಬಲ್ಲರು. ಆಟಿಸಂ ಇರುವ ದೊಡ್ಡ ಮಕ್ಕಳೂ ಆ ಲ್ಯಾಬಿನಲ್ಲಿ ಕೂತು ಕೆಲಸ ಮಾಡುವವರಾಗಬೇಕು, ಕೇವಲ ಪಡೆಯುವವರಾಗಬಾರದು. ಶಿವಮೊಗ್ಗದಲ್ಲಿ 1980ರಿಂದ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜಿದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಪ್ರಯೋಜನದ ವಿಷಯ ಬೇರೆ ಬೇಕೆ?

ಒಬ್ಬರು: ಆ ಪೆಟ್ಟಿಗೆ ಯಾವ ಭಾಷೆ ಮಾತಾಡಬೇಕು?

ಮತ್ತೊಬ್ಬರು: ಮಗುವಿನ ಮನೆಯ ಭಾಷೆಯನ್ನು. ಕಾರ್ಖಾನೆ ಕಟ್ಟಿದ ಊರಾದ್ದರಿಂದ ಭದ್ರಾವತಿಯ ಬೀದಿಗಳಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಮಲಯಾಳ, ಲಂಬಾಣಿ ಕೇಳುತ್ತದೆ. ಇಂಥ ಮನೆಗಳಿಗೆ ‘ಒಂದೇ ಭಾಷೆ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ’ ಎಂದು ಬುದ್ಧಿ ಹೇಳುವವರಿದ್ದಾರೆ. ಎರಡು ಭಾಷೆಯಿಂದ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆಂಬುದಕ್ಕೆ ಅಧ್ಯಯನಗಳು ಆಧಾರ ಕೊಟ್ಟಿಲ್ಲ. ಮನೆಯ ಭಾಷೆ ಬಿಡಿಸಿದರೆ ಮಾತ್ರ ಅಜ್ಜಿಯೂ ಮಗುವೂ ಪರಸ್ಪರ ಮೂಕರಾಗುವುದು ಖಚಿತ. ದನಿ ಮುದ್ರಿಸುವ ಸಾಧನದ ದೊಡ್ಡ ಅನುಕೂಲವೇ ಇದು: ಶಾಲೆಗೆ ಶಿಕ್ಷಕಿಯ ಕನ್ನಡ, ಮನೆಗೆ ತಾಯಿಯ ತಮಿಳು ಅಥವಾ ಉರ್ದು, ಎರಡನ್ನೂ ಒಂದೇ ಚಿತ್ರಕ್ಕೆ ತುಂಬಬಹುದು. ಶುರು ಮಾಡಿದ ಮಾತಿಗೆ ಮನೆಯಲ್ಲಿ ಉತ್ತರ ಸಿಗದಿದ್ದರೆ ಮಗು ಶಾಲೆಯಲ್ಲೂ ಅದನ್ನು ಬಿಡುತ್ತದೆ.

ಒಬ್ಬರು: ಕೊನೆಗೆ ಎಲ್ಲವೂ ಶಿಕ್ಷಕಿಯ ತಲೆಯ ಮೇಲೆ ಬರುತ್ತದೆ. ಬಹುವರ್ಗದ ಕೋಣೆ, ಬಿಸಿಯೂಟ, ಗಣತಿ, ಆನ್‌ಲೈನ್ ದಾಖಲೆ, ಅದರ ಮೇಲೆ ಇದು. ತಜ್ಞರು ಇರುವುದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅದಕ್ಕಿಂತ ವಿಶೇಷ ಶಾಲೆಗೆ ಕಳಿಸುವುದೇ ಮಗುವಿಗೆ ನ್ಯಾಯವಲ್ಲವೆ?

ಮತ್ತೊಬ್ಬರು: ನಿಮ್ಮ ಆಕ್ಷೇಪಗಳಲ್ಲಿ ಅತ್ಯಂತ ಭಾರವಾದದ್ದು ಇದೇ, ಇದಕ್ಕೆ ನನ್ನಲ್ಲಿ ಅರ್ಧ ಉತ್ತರ ಮಾತ್ರ ಇದೆ. ಕೆಲವು ಮಕ್ಕಳಿಗೆ ವಿಶೇಷ ಶಾಲೆಯೇ ಸರಿ. ಕಾಯ್ದೆಯೂ ನೆರೆಯ ಶಾಲೆ ಅಥವಾ ವಿಶೇಷ ಶಾಲೆ ಎಂಬ ಆಯ್ಕೆ ಕೊಡುತ್ತದೆ. ಆದರೆ ನೆರೆಯ ಶಾಲೆಯನ್ನು ಸಿದ್ಧಗೊಳಿಸದೆ ‘ಆಯ್ಕೆ’ ಎನ್ನುವುದು ಮಗುವನ್ನು ಹೊರಗೆ ಕಳಿಸುವ ನಯವಾದ ದಾರಿ. ತಜ್ಞರಿಲ್ಲದೆ ಏನೂ ಆಗದು ಎಂಬುದೂ ಪೂರ್ತಿ ನಿಜವಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆದು 2015ರಲ್ಲಿ ಪ್ರಕಟವಾದ ಪಾಸ್ ಪ್ರಯೋಗದಲ್ಲಿ ತಂದೆತಾಯಿಗೆ ಕಲಿಸಿದವರು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆ ಮಕ್ಕಳು ತಂದೆತಾಯಿಯೊಡನೆ ತಾವಾಗಿ ಸಂವಹನ ಶುರು ಮಾಡುವುದು ಹೆಚ್ಚಿತು. ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ ಸಾಮಾನ್ಯರೂ ಇದನ್ನು ಮಾಡಬಲ್ಲರು ಎಂಬುದಕ್ಕೆ ನಮ್ಮ ನೆರೆಯ ಮಣ್ಣಿನ ಪುರಾವೆ ಅದು. ನಮ್ಮ ತಾಲ್ಲೂಕುಗಳಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ಓಡಾಡುವ ಇವರ ಸಂಖ್ಯೆ ಸಾಲದು. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಅನುಪಾತ ಪ್ರಾಥಮಿಕದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು. ಅದು ಬರುವವರೆಗೆ ಸಾಧನದ ಹಣದಲ್ಲಿ ದೊಡ್ಡ ಪಾಲು ಶಿಕ್ಷಕರ ತರಬೇತಿಗೆ, ತರಗತಿಯಲ್ಲಿ ಕೂತು ನೋಡುವವರ ಪ್ರಯಾಣಕ್ಕೆ ಹೋಗಲಿ. ಶಿವಮೊಗ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಈ ತರಬೇತಿ ಹೊರಬಲ್ಲ ಸಂಸ್ಥೆಗಳು. ಮನಸ್ಸಿನ ವಿಷಯವನ್ನು ಜನರ ನಡುವೆ ತಂದ ಪರಂಪರೆಯೂ ಈ ಊರಿಗಿದೆ: ಮನೋವೈದ್ಯ ಅಶೋಕ್ ಪೈ ಅದಕ್ಕಾಗಿ ಸಿನಿಮಾವನ್ನೂ ಬಳಸಿದರು.

ಒಬ್ಬರು: ಇಷ್ಟೆಲ್ಲ ಒಪ್ಪಿಕೊಂಡರೂ ಒಂದು ಉಳಿಯುತ್ತದೆ. ಮಗು ಏನನ್ನೂ ಶುರು ಮಾಡದಿದ್ದರೆ? ಕೊಟ್ಟದ್ದನ್ನೆಲ್ಲ ದೂಡಿ ಮೂಲೆಗೆ ಹೋದರೆ ನಿಮ್ಮ ಅಳತೆಗೋಲು ಏನು ಹೇಳುತ್ತದೆ?

ಮತ್ತೊಬ್ಬರು: ದೂಡುವುದೂ ಒಂದು ಆರಂಭ, ಅದು ಮಗುವಿನ ಸ್ವಂತ ಮಾತು ಎನ್ನುತ್ತದೆ. ನಾವು ಸಾಧನಗಳಿಗೆ ಮೊದಲು ತುಂಬುವ ಪದಗಳು ‘ನೀರು’, ‘ಊಟ’, ‘ಶೌಚ’, ‘ನಮಸ್ತೆ’. ಎಲ್ಲವೂ ದೊಡ್ಡವರಿಗೆ ಅನುಕೂಲವಾದ ಪದಗಳು. ನನ್ನ ಪ್ರಕಾರ ಮೊದಲ ಗುಂಡಿ ‘ಬೇಡ’ ಎನ್ನಬೇಕು, ಎರಡನೆಯದು ‘ಸಾಕು’. ಹೇಳಲು ದಾರಿಯಿಲ್ಲದ ‘ಬೇಡ’ವೇ ಕಚ್ಚುವುದಾಗಿ, ಕಿರುಚುವುದಾಗಿ, ಓಡಿಹೋಗುವುದಾಗಿ ಹೊರಬರುವುದು. ನಡವಳಿಕೆಯ ಸಮಸ್ಯೆಗಳ ಹಿಂದೆ ಇಂಥ ಸಂದೇಶವಿರುತ್ತದೆ, ಅದೇ ಸಂದೇಶಕ್ಕೆ ಬೇರೆ ದಾರಿ ಕಲಿಸಿದರೆ ಆ ನಡವಳಿಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ದಶಕಗಳಿಂದ ಪರೀಕ್ಷಿಸಿ ಕಂಡ ಸಂಗತಿ. ಆದರೆ ಗುಂಡಿ ‘ಸಾಕು’ ಎಂದಾಗ ಪಾಠ ನಿಲ್ಲಲೇಬೇಕು, ಎರಡು ನಿಮಿಷಕ್ಕಾದರೂ. ನಿಲ್ಲದಿದ್ದರೆ ಒತ್ತಿದರೂ ಪ್ರಯೋಜನವಿಲ್ಲವೆಂದು ಮಗು ಕಲಿಯುತ್ತದೆ, ಆಮೇಲೆ ಯಾವ ದುಬಾರಿ ಯಂತ್ರವೂ ಆ ಪಾಠವನ್ನು ಮರೆಸಲಾರದು. ಆದ್ದರಿಂದ ಶಿವಮೊಗ್ಗವಾಗಲಿ ಭದ್ರಾವತಿಯಾಗಲಿ, ಶಾಲೆಯೊಂದು ಇಂಥ ಸಾಧನ ಕೇಳಿ ಅರ್ಜಿ ಹಾಕಿದಾಗ ಬೆಲೆಪಟ್ಟಿಯ ಜೊತೆ ಆ ಶಾಲೆಯಿಂದ ಒಂದು ಬರಹದ ಒಪ್ಪಿಗೆಯನ್ನೂ ಪಡೆಯಬೇಕು: ಈ ಮಗು ‘ಬೇಡ’ ಎಂದರೆ ನಾವು ಕೇಳುತ್ತೇವೆ, ನಾಲ್ಕನೇ ತರಗತಿಗೆ ಹೋದಾಗ ಸಾಧನವೂ ಕ್ರಮವೂ ಮಗುವಿನ ಜೊತೆ ಹೋಗುತ್ತವೆ, ಮಗು ತಾನಾಗಿ ಶುರು ಮಾಡಿದ್ದನ್ನು ವಾರಕ್ಕೊಮ್ಮೆ ಬರೆದಿಡುತ್ತೇವೆ. ಈ ಮೂರಕ್ಕೆ ಸಹಿ ಹಾಕಬಲ್ಲ ಶಾಲೆಗೆ ರಟ್ಟಿನ ಕಾರ್ಡುಗಳೂ ಸಾಕಾಗಬಹುದು. ಹಾಕಲಾಗದ ಶಾಲೆಗೆ ಮೊದಲು ಬೇಕಾದದ್ದು ತರಬೇತಿ, ಸಾಧನದ ಸರದಿ ಅದರ ನಂತರ.